ಮನೆಯಲ್ಲೇ ಪಾಠ, ಇಲ್ಲಾ ಸರ್ಕಾರಿ ಶಾಲೆ: ಅಮೆರಿಕದ ವಲಸೆ ಮುಸ್ಲಿಂ ಕುಟುಂಬಗಳ ಲೆಕ್ಕಾಚಾರ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಮಾಂಟ್‌ಗೊಮೆರಿ ಕೌಂಟಿ ಅಂತ ಇದೆ. ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡ ಜಾಗ, ನಾನಾ ದೇಶಗಳಿಂದ ಬಂದವರು ತುಂಬಿದ್ದಾರೆ. ಅಲ್ಲಿನ ಸರ್ಕಾರಿ ಶಾಲೆಗಳು 2022ರಲ್ಲಿ ಪ್ರೈಮರಿ ಮಕ್ಕಳ ಪಾಠಕ್ಕೆ ಸಲಿಂಗಿ ಮತ್ತು ಟ್ರಾನ್ಸ್‌ಜೆಂಡರ್ ಪಾತ್ರಗಳಿರುವ ಕಥೆಪುಸ್ತಕಗಳನ್ನು ಸೇರಿಸಿದವು. ಮೊದಮೊದಲು ಬೇಡ ಅಂದ ಪೋಷಕರ ಮಕ್ಕಳನ್ನು ಆ ಹೊತ್ತಿಗೆ ಬೇರೆ ಕಡೆ ಕೂರಿಸುತ್ತಿದ್ದರು. 2023ರ ಮಾರ್ಚ್‌ನಲ್ಲಿ ಆ ವಿನಾಯಿತಿ ನಿಲ್ಲಿಸಿಬಿಟ್ಟರು. ಕೇಳುವವರು ಜಾಸ್ತಿಯಾದರು, ಶಾಲೆ ನಡೆಸುವುದೇ ಕಷ್ಟವಾಯಿತು ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಮುಸ್ಲಿಂ, ಕ್ಯಾಥೊಲಿಕ್, ಉಕ್ರೇನಿಯನ್ ಆರ್ಥೊಡಾಕ್ಸ್ ಪೋಷಕರು ಒಟ್ಟಾಗಿ ಕೋರ್ಟಿಗೆ ಹೋದರು. ಮಹಮೂದ್ ವಿರುದ್ಧ ಟೇಲರ್ ಅನ್ನುವ ಆ ಕೇಸಿನಲ್ಲಿ 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಪೋಷಕರ ಪರ ನಿಂತಿತು. ಕೇಸು ಪೂರ್ತಿ ಮುಗಿಯುವ ತನಕ ವಿನಾಯಿತಿ ಕೊಡಲೇಬೇಕು ಎಂದಿತು.

ಗಲಾಟೆಯೆಲ್ಲ ಪುಸ್ತಕಗಳ ಸುತ್ತ ನಡೆಯಿತು. ನನಗೆ ಮುಖ್ಯ ಅನ್ನಿಸಿದ್ದು ಅದರೊಳಗಿನ ಇನ್ನೊಂದು ವಾದ. ಪಾಠ ಇಷ್ಟವಿಲ್ಲದಿದ್ದರೆ ಖಾಸಗಿ ಶಾಲೆ ಇದೆ, ಮನೆಯಲ್ಲಿ ಕಲಿಸುವ ದಾರಿ ಇದೆ, ಯಾರು ತಡೆದರು ಅನ್ನುವ ವಾದ ಅದು. ಬಹುಮತದ ತೀರ್ಪು ಬರೆದ ಜಸ್ಟಿಸ್ ಸ್ಯಾಮುಯೆಲ್ ಅಲಿಟೊ ಇದನ್ನು ಒಪ್ಪಲಿಲ್ಲ. ಸರ್ಕಾರಿ ಶಿಕ್ಷಣ ಎಲ್ಲರಿಗೂ ಇರುವ ಸೌಲಭ್ಯ, ಧಾರ್ಮಿಕ ಆಚರಣೆಗೆ ಬೀಳುವ ಹೊರೆ ಒಪ್ಪಿಕೊಂಡರೆ ಮಾತ್ರ ಬನ್ನಿ ಅಂತ ಷರತ್ತು ಹಾಕುವ ಹಾಗಿಲ್ಲ ಎಂದರು. ಜಸ್ಟಿಸ್ ಸೋನಿಯಾ ಸೊಟೊಮೇಯರ್ ಭಿನ್ನ ತೀರ್ಪು ಬರೆದರು. ಬೇರೆ ಬೇರೆ ಥರದ ಜನ ಒಟ್ಟಿಗೆ ಬದುಕುವುದನ್ನು ಮಕ್ಕಳು ಕಲಿಯುವ ಜಾಗ ಸರ್ಕಾರಿ ಶಾಲೆ, ಈ ತೀರ್ಪು ಅದಕ್ಕೇ ಏಟು ಕೊಡುತ್ತದೆ ಅನ್ನುವುದು ಅವರ ಆತಂಕ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮಗುವನ್ನು ಶಾಲೆಯಿಂದ ಬಿಡಿಸುವ ತೀರ್ಮಾನ ದೊಡ್ಡ ದೊಡ್ಡ ತತ್ವಗಳ ಮೇಲೆ ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಕಲಿಸುವವರು ಕಟ್ಟಾ ಧಾರ್ಮಿಕರು, ಸರ್ಕಾರಿ ಶಾಲೆಗೆ ಕಳಿಸುವವರು ಸಡಿಲ ಅನ್ನುವ ವಿಂಗಡಣೆ ನಿಲ್ಲುವುದಿಲ್ಲ. ಊಟದ ತಟ್ಟೆಯಲ್ಲಿ ಏನಿದೆ, ಜಿಮ್ ಪೀರಿಯಡ್‌ಗೆ ಏನು ಹಾಕಿಕೊಳ್ಳಬೇಕು, ಶುಕ್ರವಾರ ಮಧ್ಯಾಹ್ನ ಬಿಡುತ್ತಾರಾ, ಅಮ್ಮನ ವೀಸಾ ಯಾವುದು, ರಾಜ್ಯ ಎಷ್ಟು ಕಾಗದಪತ್ರ ಕೇಳುತ್ತದೆ. ಕೊನೆಗೆ ತೂಕಕ್ಕೆ ಬರುವುದು ಇವೇ. ಶಾಲೆ ಸ್ವಲ್ಪ ಬಾಗಿದರೆ ಹೆಚ್ಚಿನವರು ಅಲ್ಲೇ ಉಳಿಯುತ್ತಾರೆ.

ಗಾತ್ರದ ಅಂದಾಜಿಗೆ ಕೆಲವು ಅಂಕಿ ನೋಡೋಣ. ಪ್ಯೂ ಸಂಶೋಧನಾ ಕೇಂದ್ರದ 2017ರ ಲೆಕ್ಕದಂತೆ ಅಮೆರಿಕದಲ್ಲಿ ಸುಮಾರು 34.5 ಲಕ್ಷ ಮುಸ್ಲಿಮರಿದ್ದರು. ವಯಸ್ಕರಲ್ಲಿ 58% ಹೊರದೇಶದಲ್ಲಿ ಹುಟ್ಟಿದವರು. ಇನ್ನು ಹೋಮ್‌ಸ್ಕೂಲಿಂಗ್: ಸರ್ಕಾರಿ ಸಮೀಕ್ಷೆಯ ಪ್ರಕಾರ 1999ರಲ್ಲಿ ಇಡೀ ದೇಶದಲ್ಲಿ ಸುಮಾರು 8.5 ಲಕ್ಷ ಮಕ್ಕಳು ಮನೆಯಲ್ಲಿ ಕಲಿಯುತ್ತಿದ್ದರು. 2016ಕ್ಕೆ ಅದು 17 ಲಕ್ಷದ ಹತ್ತಿರ ಬಂತು. ಕೋವಿಡ್ ಬಂದ 2020ರ ವಸಂತದಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದ ಮನೆಗಳಲ್ಲಿ 5.4% ಹೋಮ್‌ಸ್ಕೂಲಿಂಗ್ ಮಾಡುತ್ತಿದ್ದವು, ಕೆಲವೇ ತಿಂಗಳಲ್ಲಿ ಅದು 11.1%ಗೆ ಏರಿತು. ಇವರಲ್ಲಿ ಮುಸ್ಲಿಮರು ಎಷ್ಟು? ಅಮೆರಿಕದ ಜನಗಣತಿ ಧರ್ಮ ಯಾವುದು ಅಂತ ಕೇಳುವುದೇ ಇಲ್ಲ. ಹಾಗಾಗಿ ಯಾರಾದರೂ ಖಡಾಖಂಡಿತವಾಗಿ ಒಂದು ಸಂಖ್ಯೆ ಹೇಳಿದರೆ ಅನುಮಾನದಿಂದ ನೋಡುವುದು ಒಳ್ಳೆಯದು. ಬಹುಪಾಲು ಮುಸ್ಲಿಂ ಮಕ್ಕಳು ಈಗಲೂ ಹೋಗುವುದು ಮನೆ ಹತ್ತಿರದ ಸರ್ಕಾರಿ ಶಾಲೆಗೇ.

ವಲಸಿಗರಿಗಿಂತ ಮೊದಲೇ ಶುರು

ಅಮೆರಿಕದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಟ್ಟ ಮೊದಲ ಮುಸ್ಲಿಮರು ವಲಸೆ ಬಂದವರಲ್ಲ. 1930ರ ದಶಕದ ಆರಂಭದಲ್ಲಿ ಡೆಟ್ರಾಯಿಟ್‌ನಲ್ಲಿ ನೇಷನ್ ಆಫ್ ಇಸ್ಲಾಂ ಸಂಘಟನೆಯ ಕಪ್ಪು ಕುಟುಂಬಗಳು ಈ ದಾರಿ ಹಿಡಿದವು. ಸಂಘಟನೆಯ ನಾಯಕ ಎಲೈಜಾ ಮುಹಮ್ಮದ್ ಅವರ ಹೆಂಡತಿ ಕ್ಲಾರಾ ಮುಹಮ್ಮದ್ ಮನೆಯಲ್ಲೇ ಮಕ್ಕಳಿಗೆ ಪಾಠ ಶುರು ಮಾಡಿದರು. 1934ರಲ್ಲಿ ಪೊಲೀಸರು ಬಂದರು, ಬಂಧನಗಳಾದವು. ಅವರು ಹಾಗೆ ಮಾಡಿದ್ದಕ್ಕೆ ಬರೀ ಧರ್ಮ ಕಾರಣ ಅಲ್ಲ. ಅಂದಿನ ಶಾಲೆಗಳು ಕಪ್ಪು ಮಕ್ಕಳಿಗೆ ಅವರ ಬಗ್ಗೆಯೇ ಏನು ಹೇಳಿಕೊಡುತ್ತಿದ್ದವು ಅನ್ನುವುದರ ಮೇಲಿನ ಸಿಟ್ಟೂ ಅದರಲ್ಲಿತ್ತು. ಕ್ಲಾರಾ ಅವರ ಹೆಸರಿನ ಶಾಲೆಗಳು ಈಗಲೂ ಕೆಲವು ಊರುಗಳಲ್ಲಿವೆ.

1965ರ ವಲಸೆ ಕಾಯ್ದೆ ಆದಮೇಲೆ ಭಾರತ, ಪಾಕಿಸ್ತಾನ, ಅರಬ್ ದೇಶಗಳಿಂದ ಬಂದ ಡಾಕ್ಟರು, ಎಂಜಿನಿಯರುಗಳ ಮನಸ್ಸು ಬೇರೆ ಥರದ್ದು. ಅವರಿಗೆ ಒಳ್ಳೆಯ ಸರ್ಕಾರಿ ಶಾಲೆ ಇರುವ ಏರಿಯಾದಲ್ಲಿ ಮನೆ ಮಾಡುವುದೇ ಗುರಿ. ಕುರಾನ್ ಮತ್ತು ಅರೇಬಿಕ್‌ಗೆ ಮಸೀದಿಯಲ್ಲಿ ಭಾನುವಾರದ ಕ್ಲಾಸು. ಈ ಹೊಂದಾಣಿಕೆಯೇ ಇವತ್ತಿಗೂ ಹೆಚ್ಚಿನ ಮನೆಗಳಲ್ಲಿ ನಡೆಯುತ್ತಿದೆ.

ಇನ್ನು ಕಾನೂನು. ಸುಪ್ರೀಂ ಕೋರ್ಟಿನ 1925ರ ಪಿಯರ್ಸ್ ತೀರ್ಪು ಮಕ್ಕಳನ್ನೆಲ್ಲ ಸರ್ಕಾರಿ ಶಾಲೆಗೇ ಕಳಿಸಬೇಕು ಅನ್ನುವ ಒರೆಗಾನ್ ರಾಜ್ಯದ ಕಾಯ್ದೆಯನ್ನು ಹೊಡೆದುಹಾಕಿತು. 1972ರ ಯೋಡರ್ ತೀರ್ಪು ಆಮಿಷ್ ಎಂಬ ಕ್ರೈಸ್ತ ಪಂಗಡದವರಿಗೆ 8ನೇ ಕ್ಲಾಸಿನ ನಂತರ ಮಕ್ಕಳನ್ನು ಶಾಲೆ ಬಿಡಿಸಲು ಅವಕಾಶ ಕೊಟ್ಟಿತು. 1993ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್ ಕಾನೂನುಬದ್ಧವಾಗಿತ್ತು. ಮಹಮೂದ್ ತೀರ್ಪು ಆತುಕೊಂಡಿದ್ದು ಅದೇ ಯೋಡರ್ ಮೇಲೆ. ಆಮಿಷ್ ರೈತರ ಕೇಸು 53 ವರ್ಷದ ಮೇಲೆ ಮುಸ್ಲಿಂ ಪೋಷಕರ ಕೈ ಹಿಡಿಯಿತು ನೋಡಿ.

ಅಮೆರಿಕ ಅಂತ ಒಟ್ಟಾಗಿ ಹೇಳಿದರೆ ಮಾತ್ರ ದಾರಿ ತಪ್ಪುತ್ತದೆ. ಟೆಕ್ಸಾಸ್‌ನಲ್ಲಿ ಮೊದಲಿಂದ ಮನೆಯಲ್ಲೇ ಕಲಿಸುವುದಾದರೆ ಯಾರಿಗೂ ಹೇಳಬೇಕಿಲ್ಲ. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತನ ಇಷ್ಟನ್ನು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು, ಪರೀಕ್ಷೆ ಇಲ್ಲ. ನ್ಯೂಯಾರ್ಕ್‌ನಲ್ಲಿ ಹಾಗಲ್ಲ. ಪ್ರತಿ ವರ್ಷ ಜುಲೈ 1ರ ಒಳಗೆ ಪತ್ರ ಕೊಡಬೇಕು. ಆಮೇಲೆ ಮಗುವಿಗೆ ಯಾವ ವಿಷಯ, ಯಾವ ಪುಸ್ತಕ ಅಂತ ಯೋಜನೆ ಬರೆದು ಕಳಿಸಬೇಕು. ವರ್ಷಕ್ಕೆ ನಾಲ್ಕು ವರದಿ, ಕೊನೆಗೊಂದು ಮೌಲ್ಯಮಾಪನ. 6ನೇ ಕ್ಲಾಸಿನ ತನಕ ವರ್ಷಕ್ಕೆ 900 ಗಂಟೆ, ಮುಂದೆ 990 ಗಂಟೆ ಪಾಠ ಆಗಿರಬೇಕು. ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ಬಾಂಗ್ಲಾದೇಶಿ ಅಮ್ಮ ಇಂಗ್ಲಿಷ್‌ನಲ್ಲಿ ಇಷ್ಟೆಲ್ಲ ಬರೆದು ಕೊಡಬೇಕು. ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಹೈದರಾಬಾದಿ ಅಮ್ಮನಿಗೆ ಆ ತಾಪತ್ರಯ ಇಲ್ಲ. ಇಬ್ಬರೂ ಅಷ್ಟೇ ದೈವಭಕ್ತರಿರಬಹುದು. ಆದರೂ ಯಾರು ಮನೆಯಲ್ಲಿ ಕಲಿಸುವ ಸಾಧ್ಯತೆ ಹೆಚ್ಚು ಅಂತ ಊಹಿಸುವುದು ಕಷ್ಟ ಅಲ್ಲ, ಅಲ್ವಾ?

ತಟ್ಟೆ, ಲಾಕರ್ ರೂಮ್, ಶುಕ್ರವಾರ

ಶಾಲೆಯ ಒಂದು ಸಾಮಾನ್ಯ ದಿನ ನೋಡಿ. ಊಟದ ಸಾಲಿನಲ್ಲಿ ಹಂದಿಮಾಂಸ ಸೇರುವ ಪೆಪ್ಪರೋನಿ ಪಿಜ್ಜಾ. ಚಿಕನ್ ಇದೆ, ಹಲಾಲ್ ಅಲ್ಲ. ಹುಟ್ಟುಹಬ್ಬದ ಮಾರ್ಷ್‌ಮ್ಯಾಲೋ ಮಿಠಾಯಿಯಲ್ಲಿ ಹಂದಿ ಜೆಲಾಟಿನ್ ಇರಬಹುದು, ಏಳು ವರ್ಷದ ಮಗು ಅದನ್ನು ಟೀಚರ್‌ಗೆ ವಿವರಿಸಬೇಕು. ಮಿಡ್ಲ್ ಸ್ಕೂಲಿಗೆ ಬಂದರೆ ಜಿಮ್ ಪೀರಿಯಡ್, ಎಲ್ಲರೆದುರು ಬಟ್ಟೆ ಬದಲಿಸುವ ಲಾಕರ್ ರೂಮ್. ರಂಜಾನ್‌ನಲ್ಲಿ ಉಪವಾಸ ಇರುವ ಹುಡುಗ ಊಟದ ಗಂಟೆಯಲ್ಲಿ ಕ್ಯಾಫೆಟೇರಿಯಾದಲ್ಲಿ ಸುಮ್ನೆ ಕೂತಿರಬೇಕು, ಇಲ್ಲಾ ಲೈಬ್ರರಿಗೆ ಹೋಗಲು ಚೀಟಿ ಬರೆಸಿಕೊಳ್ಳಬೇಕು. ಶುಕ್ರವಾರದ ಜುಮ್ಮಾ ನಮಾಜು ಸರಿಯಾಗಿ ಕ್ಲಾಸಿನ ಮಧ್ಯೆಯೇ ಬರುತ್ತದೆ.

ಇವು ಒಂದೊಂದೂ ಸಣ್ಣ ಕಿರಿಕಿರಿ. ಒಂದೂ ಬಗೆಹರಿಯದಿದ್ದಾಗ ಮಾತ್ರ ಅಮ್ಮ-ಅಪ್ಪ ಬೇರೆ ದಾರಿ ಯೋಚಿಸುತ್ತಾರೆ. ಹೆಚ್ಚಿನವಕ್ಕೆ ಕಾನೂನಿನಲ್ಲೇ ಪರಿಹಾರ ಇದೆ ಅನ್ನುವುದು ಹೊಸದಾಗಿ ಬಂದವರಿಗೆ ಗೊತ್ತಿರುವುದಿಲ್ಲ. ಸರ್ಕಾರಿ ಶಾಲೆ ಪ್ರಾರ್ಥನೆ ಮಾಡಿಸುವಂತಿಲ್ಲ ಅಂತ 1962ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೆ ಮಗು ತಾನಾಗಿ ಪ್ರಾರ್ಥನೆ ಮಾಡುವುದಕ್ಕೆ ಅಡ್ಡಿಯಿಲ್ಲ. 1952ರ ಜೋರಾಕ್ ತೀರ್ಪಿನ ಪ್ರಕಾರ ಧಾರ್ಮಿಕ ಪಾಠಕ್ಕಾಗಿ ಮಕ್ಕಳನ್ನು ಶಾಲೆಯಿಂದ ಹೊರಗೆ ಕಳಿಸಬಹುದು. 1984ರ ಕಾಯ್ದೆಯೊಂದು ಹೈಸ್ಕೂಲುಗಳಲ್ಲಿ ಬೇರೆ ವಿದ್ಯಾರ್ಥಿ ಕ್ಲಬ್ಬುಗಳ ಹಾಗೇ ಧಾರ್ಮಿಕ ಕ್ಲಬ್ಬುಗಳಿಗೂ ಜಾಗ ಕೊಡಬೇಕು ಅನ್ನುತ್ತದೆ. ಮುಸ್ಲಿಂ ವಿದ್ಯಾರ್ಥಿ ಸಂಘಗಳು ಶಾಲೆಯೊಳಗೆ ನಡೆಯುವುದು ಅದರ ಬಲದಲ್ಲೇ.

ನ್ಯೂಯಾರ್ಕ್ ನಗರ 2015ರಲ್ಲಿ ರಂಜಾನ್ ಹಬ್ಬ ಮತ್ತು ಬಕ್ರೀದನ್ನು ಶಾಲಾ ರಜೆ ಪಟ್ಟಿಗೆ ಸೇರಿಸಿತು. ಅರಬ್ ಮೂಲದವರೇ ಅರ್ಧಕ್ಕಿಂತ ಹೆಚ್ಚಿರುವ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಹಬ್ಬಕ್ಕೆ ರಜೆ ಕೊಡುತ್ತಾರೆ, ಹಲಾಲ್ ಊಟವೂ ಸಿಗುತ್ತದೆ. ಅಲ್ಲಿ ಹಿಜಾಬ್ ಹಾಕಿದ ಹುಡುಗಿ ಕ್ಲಾಸಿನಲ್ಲಿ ಒಂಟಿಯಲ್ಲ. ಇದಕ್ಕೆ ಪೂರ್ತಿ ಉಲ್ಟಾ ಮಾಡಿದ್ದು ನಮ್ಮ ಮಾಂಟ್‌ಗೊಮೆರಿ ಕೌಂಟಿಯೇ. ಹಬ್ಬಕ್ಕೆ ಬೇರೆ ಧರ್ಮಗಳಷ್ಟೇ ಮಾನ್ಯತೆ ಕೊಡಿ ಅಂತ ಮುಸ್ಲಿಂ ಪೋಷಕರು ಕೇಳಿದ್ದಕ್ಕೆ 2014ರಲ್ಲಿ ಶಾಲಾ ಮಂಡಳಿ ಕ್ಯಾಲೆಂಡರ್‌ನಿಂದ ಎಲ್ಲ ಧರ್ಮಗಳ ಹಬ್ಬದ ಹೆಸರುಗಳನ್ನೇ ತೆಗೆದುಹಾಕಿತು! ಕ್ರಿಸ್‌ಮಸ್ ರಜೆ ಇತ್ತು, ಹೆಸರು ಮಾತ್ರ ಇಲ್ಲ. ಕೇಳಿದವರಿಗೆ ಏನೂ ಸಿಗಲಿಲ್ಲ, ಉಳಿದವರಿಗೆ ಸಿಟ್ಟು ಬಂತು. ಕಥೆಪುಸ್ತಕದ ಜಗಳಕ್ಕೆ ಎಂಟು ವರ್ಷ ಮೊದಲಿನ ಮಾತು ಇದು.

ಪಕ್ಕದ ಕೆನಡಾದಲ್ಲಿ, ಟೊರಾಂಟೊದ ಥಾರ್ನ್‌ಕ್ಲಿಫ್ ಪಾರ್ಕ್ ಇನ್ನೂ ಒಳ್ಳೆಯ ಉದಾಹರಣೆ. ಬಹುಮಹಡಿ ಅಪಾರ್ಟ್‌ಮೆಂಟುಗಳಲ್ಲಿ ದಕ್ಷಿಣ ಏಷ್ಯಾದ ಮುಸ್ಲಿಂ ವಲಸಿಗರು ತುಂಬಿರುವ ಬಡಾವಣೆ ಅದು. 2015ರಲ್ಲಿ ಒಂಟಾರಿಯೊ ಪ್ರಾಂತ್ಯ ಹೊಸ ಲೈಂಗಿಕ ಶಿಕ್ಷಣದ ಪಠ್ಯ ತಂದಾಗ ಅಲ್ಲಿನ ಪ್ರೈಮರಿ ಶಾಲೆಗೆ ಪೋಷಕರು ಮಕ್ಕಳನ್ನು ಕಳಿಸದೆ ಮುಷ್ಕರ ಮಾಡಿದರು. ಕೆಲವರು ಪಾರ್ಕಿನಲ್ಲಿ ಕೂರಿಸಿ ಪಾಠ ಮಾಡಿದರು, ಕೆಲವರು ಶಾಲೆ ಬಿಡಿಸಿಯೇಬಿಟ್ಟರು. ಮುಂದೆ ಶಾಲೆ ಒಂದು ಉಪಾಯ ಮಾಡಿತು. ಒಂದನೇ ಕ್ಲಾಸಿನಲ್ಲಿ ಒಪ್ಪದ ಪೋಷಕರ ಮಕ್ಕಳಿಗೆ ದೇಹದ ಭಾಗಗಳ ಹೆಸರು ಹೇಳುವ ಬದಲು 'ಪ್ರೈವೇಟ್ ಪಾರ್ಟ್ಸ್' ಅಂತಷ್ಟೇ ಹೇಳುವ ಬೇರೆ ಪಾಠ ಇಟ್ಟಿತು. ಮಕ್ಕಳಿಗೆ ಅಂಗಗಳ ಸರಿಯಾದ ಹೆಸರು ಗೊತ್ತಿದ್ದರೆ ದೌರ್ಜನ್ಯವಾದಾಗ ಹೇಳಿಕೊಳ್ಳಲು ಸುಲಭ ಅನ್ನುವವರಿಗೆ ಇದು ಸೋಲಿನ ಹಾಗೆ ಕಂಡಿತು, ಅವರ ಮಾತು ನನಗೂ ಸರಿ ಅನ್ನಿಸುತ್ತದೆ. ಆದರೂ ಮಗು ಶಾಲೆಯೊಳಗೇ ಇದೆಯಲ್ಲ. ಉಳಿದ ಪಾಠಗಳೆಲ್ಲ ಅದಕ್ಕೆ ಸಿಗುತ್ತವೆ. ಇಷ್ಟು ಬಗ್ಗುವುದು ತಪ್ಪಲ್ಲ.

ಬಗ್ಗಿಯೂ ಪ್ರಯೋಜನವಿಲ್ಲದ ಒಂದು ವಿಷಯ ಇದೆ: ಕೀಟಲೆ, ಅವಮಾನ. ಅಮೆರಿಕದ ಮುಸ್ಲಿಮರ ಬಗ್ಗೆ ಅಧ್ಯಯನ ಮಾಡುವ ಐಎಸ್‌ಪಿಯು ಸಂಸ್ಥೆಯ 2017ರ ಸಮೀಕ್ಷೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮುಸ್ಲಿಂ ಪೋಷಕರಲ್ಲಿ 42% ಜನ ಧರ್ಮದ ಕಾರಣಕ್ಕೆ ತಮ್ಮ ಮಕ್ಕಳಿಗೆ ಕಿರುಕುಳ ಆಗಿದೆ ಎಂದರು. ಯಹೂದಿ ಪೋಷಕರಲ್ಲಿ ಅದು 23%. ಮುಸ್ಲಿಂ ಮಕ್ಕಳ ಪ್ರಕರಣಗಳಲ್ಲಿ ನಾಲ್ಕರಲ್ಲೊಂದರಲ್ಲಿ ಟೀಚರ್ ಅಥವಾ ಶಾಲೆಯ ಸಿಬ್ಬಂದಿಯೇ ಸೇರಿದ್ದರಂತೆ. 2015ರಲ್ಲಿ ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ ಸುಡಾನ್ ಮೂಲದ 14 ವರ್ಷದ ಹುಡುಗ ತಾನೇ ಜೋಡಿಸಿದ ಗಡಿಯಾರವನ್ನು ಶಾಲೆಗೆ ತಂದು ಕೈಗೆ ಕೋಳ ಹಾಕಿಸಿಕೊಂಡಿದ್ದು ನೆನಪಿರಬಹುದು. ಅಂಥ ಒಂದು ಸುದ್ದಿ ಸಾಕು. ನೂರಾರು ಮೈಲಿ ದೂರದ ಅಮ್ಮಂದಿರಿಗೂ ನಿದ್ದೆ ಬರುವುದಿಲ್ಲ.

ಮನೆಯಲ್ಲಿ ಕಲಿಸುವವರು ಯಾರು

ಬಹುತೇಕ ಅಮ್ಮ. ಹಾಗಾಗಿ ಒಬ್ಬರ ದುಡಿಮೆಯಲ್ಲಿ ಮನೆ ನಡೆಯಬೇಕು. ಟ್ಯಾಕ್ಸಿ ಓಡಿಸುವ ಅಪ್ಪ, ಅಂಗಡಿಯಲ್ಲಿ ನಿಲ್ಲುವ ಅಮ್ಮ ಇರುವ ಮನೆಗೆ ಇದು ಆಗಿಬರುವುದಿಲ್ಲ. ಇನ್ನೊಂದು ಕಡೆ, ನಮ್ಮ ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಕುಟುಂಬಗಳನ್ನು ನೋಡಿ. ಗಂಡನಿಗೆ ಕೆಲಸದ ವೀಸಾ ಎಚ್-1ಬಿ, ಹೆಂಡತಿಗೆ ಅವಲಂಬಿತರ ವೀಸಾ ಎಚ್-4. ಎಚ್-4ನಲ್ಲಿರುವವರಿಗೆ ಕೆಲಸದ ಪರವಾನಗಿ ಸಿಗುವುದು 2015ರಿಂದ ಈಚೆಗೆ. ಅದೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಮಾತ್ರ. ಬಿಇ ಮುಗಿಸಿದ ಹೆಣ್ಣುಮಗಳು ಕೆಲಸ ಮಾಡುವ ಹಾಗಿಲ್ಲದೆ ಮನೆಯಲ್ಲಿ ಕೂತಿದ್ದಾಳೆ. ಗಣಿತ, ವಿಜ್ಞಾನ ಹೇಳಿಕೊಡುವ ತಾಕತ್ತಿದೆ, ಹೊತ್ತೂ ಇದೆ. ಹೋಮ್‌ಸ್ಕೂಲಿಂಗ್ ಅವಳಿಗೆ ಎಷ್ಟು ಧರ್ಮದ ವಿಷಯವೋ ಅಷ್ಟೇ ವೀಸಾದ ವಿಷಯ. ಇದು ಹಿಂದೂ, ಮುಸ್ಲಿಂ ಭೇದವಿಲ್ಲದೆ ನಡೆಯುವ ಕಥೆ.

ಇನ್ನೂ ಒಂದು ಕಾರಣ ಹಿಫ್ಜ್, ಅಂದರೆ ಇಡೀ ಕುರಾನನ್ನು ಬಾಯಿಪಾಠ ಮಾಡುವುದು. ಅದಕ್ಕೆ ಎರಡು ಮೂರು ವರ್ಷ ದಿನಕ್ಕೆ ಗಂಟೆಗಟ್ಟಲೆ ಬೇಕು. ಹಲವರು ಆ ಅವಧಿಗಷ್ಟೇ ಶಾಲೆ ಬಿಡಿಸಿ, ಬೆಳಿಗ್ಗೆ ಮಸೀದಿಯ ಹಿಫ್ಜ್ ಕ್ಲಾಸು, ಮಧ್ಯಾಹ್ನ ಮನೆಯಲ್ಲಿ ಗಣಿತ, ಇಂಗ್ಲಿಷ್ ಅಂತ ಮಾಡಿ, ಆಮೇಲೆ ಮತ್ತೆ ಸರ್ಕಾರಿ ಶಾಲೆಗೇ ಸೇರಿಸುತ್ತಾರೆ. ಶಾಲೆಯೋ ಮನೆಯೋ ಅಂತ ಜೀವನಪೂರ್ತಿಗೆ ಒಂದೇ ಸಲ ಆರಿಸಿಕೊಳ್ಳುವವರು ಕಡಿಮೆ.

ಇಲ್ಲಿಯವರೆಗೆ ಪೋಷಕರ ಪರ ಮಾತಾಡಿದ್ದು ಸಾಕು. ನನಗೆ ಕಸಿವಿಸಿ ಆಗುವ ಜಾಗ ಕ್ಯಾಲಿಫೋರ್ನಿಯಾದ ಲೋಡೈ. ದ್ರಾಕ್ಷಿ ತೋಟಗಳ ಊರು. ಪಾಕಿಸ್ತಾನದ ಹಳ್ಳಿಗಳಿಂದ ಬಂದು ಹೊಲ, ಪ್ಯಾಕಿಂಗ್ ಶೆಡ್‌ಗಳಲ್ಲಿ ದುಡಿದ ಕುಟುಂಬಗಳು ಅಲ್ಲಿ ನೆಲೆಸಿವೆ. 2008ರ ಹೊತ್ತಿಗೆ ಅಲ್ಲಿ ಹೈಸ್ಕೂಲ್ ವಯಸ್ಸಿನ ಹುಡುಗಿಯರಲ್ಲಿ ದೊಡ್ಡ ಪಾಲು ಮನೆಯಲ್ಲಿ ಕಲಿಯುತ್ತಿದ್ದರು. ಅಣ್ಣತಮ್ಮಂದಿರು ಅಷ್ಟು ಸಂಖ್ಯೆಯಲ್ಲಿ ಅಲ್ಲ. ಹಲಾಲ್ ಊಟ ಇಬ್ಬರಿಗೂ ಬೇಕು, ಕೀಟಲೆ ಇಬ್ಬರಿಗೂ ಆಗುತ್ತದೆ. ಹುಡುಗಿಯನ್ನು ಮಾತ್ರ ಬಿಡಿಸಿದರೆ ಕಾರಣ ಬೇರೆ ಅಂತ ಯಾರಿಗಾದರೂ ಗೊತ್ತಾಗುತ್ತದೆ: ಹುಡುಗರ ಸಹವಾಸದ ಭಯ, ಊರಿನವರ ಬಾಯಿ, ಮನೆಗೆಲಸ, ಬೇಗ ಮದುವೆ. ಅಲ್ಲಿನ ಶಾಲಾ ಜಿಲ್ಲೆ ಒಂದು ಮಧ್ಯದ ದಾರಿ ಇಟ್ಟಿತ್ತು. ಹುಡುಗಿ ಮನೆಯಲ್ಲಿ ಓದುತ್ತಾಳೆ, ಹೆಸರು ಮಾತ್ರ ಸರ್ಕಾರಿ ಪಟ್ಟಿಯಲ್ಲೇ ಇರುತ್ತದೆ, ಆಗಾಗ ಟೀಚರ್‌ನ ಕಂಡು ಮಾಡಿದ ಕೆಲಸ ತೋರಿಸಬೇಕು. ಶಾಲೆಗೆ ಮಕ್ಕಳ ಲೆಕ್ಕದಲ್ಲಿ ಬರುವ ದುಡ್ಡೂ ಉಳಿಯುತ್ತದೆ. ಕೊರತೆಗಳೆಷ್ಟೇ ಇರಲಿ, ಮನೆಯವರಲ್ಲದ ಒಬ್ಬ ದೊಡ್ಡವರು ಆ ಹುಡುಗಿಯನ್ನು ಕಾಣುತ್ತಾರಲ್ಲ, ಅದು ದೊಡ್ಡದು. ಟೆಕ್ಸಾಸ್‌ನ ವ್ಯವಸ್ಥೆಯಲ್ಲಿ ಅದೂ ಇಲ್ಲ. ಅಲ್ಲಿ 2026-27ರಿಂದ ಹೋಮ್‌ಸ್ಕೂಲ್ ಮಗುವಿಗೆ ಸರ್ಕಾರವೇ ವರ್ಷಕ್ಕೆ 2,000 ಡಾಲರ್ ತನಕ ಕೊಡುವ ಯೋಜನೆ ಬಂದಿದೆ. ದುಡ್ಡು ಕೊಡುವವರು ವರ್ಷಕ್ಕೊಮ್ಮೆ ಮಗುವನ್ನು ಮಾತಾಡಿಸಿದರೆ ತಪ್ಪೇನು?

1972ರ ಯೋಡರ್ ತೀರ್ಪಿನಲ್ಲೇ ಜಸ್ಟಿಸ್ ವಿಲಿಯಂ ಡಗ್ಲಸ್ ಈ ಪ್ರಶ್ನೆ ಎತ್ತಿದ್ದರು. ಪೋಷಕರ ಹಕ್ಕು, ರಾಜ್ಯದ ಹಕ್ಕು ಅಂತ ನಾವು ತೂಗುತ್ತಿದ್ದೇವೆ, ಮುಂದೆ ಓದಬೇಕೋ ಬೇಡವೋ ಅಂತ ಮಗುವನ್ನೇ ಕೇಳಬೇಡವೇ ಅನ್ನುವುದು ಅವರ ಭಿನ್ನಮತ. ಅದು ಬಹುಮತವಾಗಲಿಲ್ಲ.

ಯುರೋಪಿನಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿದೆ. ಜರ್ಮನಿಯಲ್ಲಿ ಹೋಮ್‌ಸ್ಕೂಲಿಂಗ್‌ಗೆ ಹೆಚ್ಚುಕಡಿಮೆ ಅವಕಾಶವೇ ಇಲ್ಲ. ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿ ಹೆಣ್ಣುಮಕ್ಕಳನ್ನು ಹುಡುಗರ ಜೊತೆ ಈಜು ತರಗತಿಗೆ ಕಳಿಸದ ಟರ್ಕಿ ಮೂಲದ ಅಪ್ಪ ಅಮ್ಮನಿಗೆ ದಂಡ ಬಿತ್ತು. 2017ರಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟ್ ದಂಡ ಸರಿಯೇ ಎಂದಿತು. ಮೈಮುಚ್ಚುವ ಈಜುಡುಗೆಗೆ ಶಾಲೆ ಒಪ್ಪಿತ್ತು ಅನ್ನುವುದೂ ಆ ತೀರ್ಪಿಗೆ ಒಂದು ಕಾರಣ. ಫ್ರಾನ್ಸ್ ಎಲ್ಲರಿಗಿಂತ ಮುಂದೆ ಹೋಯಿತು. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ತಲೆವಸ್ತ್ರ ನಿಷೇಧಿಸಿತು. 2020ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮ್ಯಾಕ್ರಾನ್ 'ಇಸ್ಲಾಮಿ ಪ್ರತ್ಯೇಕತಾವಾದ'ದ ವಿರುದ್ಧ ಭಾಷಣ ಮಾಡುತ್ತಾ ಮನೆಯಲ್ಲಿ ಕಲಿಸುವುದಕ್ಕೂ ತಡೆ ಹಾಕುತ್ತೇವೆ ಎಂದರು. 2021ರ ಆಗಸ್ಟ್‌ನಲ್ಲಿ ಕಾಯ್ದೆ ಬಂತು. 2022ರಿಂದ ಮೊದಲೇ ಅನುಮತಿ ಪಡೆಯದೆ ಮನೆಯಲ್ಲಿ ಕಲಿಸುವಂತಿಲ್ಲ. ತಲೆವಸ್ತ್ರ ಹಾಕಿ ಶಾಲೆಗೆ ಬರಬೇಡ ಅನ್ನುವುದೂ ಅವರೇ, ಮನೆಯಲ್ಲೂ ಕೂರಬೇಡ ಅನ್ನುವುದೂ ಅವರೇ. ಎರಡೂ ಬಾಗಿಲು ಮುಚ್ಚಿದಾಗ ಉಳಿಯುವುದು ದುಡ್ಡಿದ್ದವರಿಗೆ ಖಾಸಗಿ ಶಾಲೆ, ಇಲ್ಲದವರಿಗೆ ತಲೆಬಾಗುವುದು.

ಕರ್ನಾಟಕದವರಿಗೆ ಇದು ತೀರಾ ಅಪರಿಚಿತ ಅಲ್ಲ. ವಲಸೆಯ ಪ್ರಶ್ನೆ ಇಲ್ಲದಿದ್ದರೂ 2022ರಲ್ಲಿ ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದದಲ್ಲಿ ಕೆಲವು ಹುಡುಗಿಯರು ಕಾಲೇಜು ಬದಲಿಸಿದರು, ಕೆಲವರು ಪರೀಕ್ಷೆಗೆ ಕೂರಲಿಲ್ಲ. ಅದೇ ವರ್ಷ ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧ ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜ್‌ಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಕೊಟ್ಟರು. ಕೋರ್ಟು ಕಚೇರಿ ನಡೆಯುತ್ತಲೇ ಇರುತ್ತದೆ, ಪಿಯುಸಿ ವರ್ಷ ಮಾತ್ರ ಕಾಯುವುದಿಲ್ಲ.

ಈಗ ಅಮೆರಿಕಕ್ಕೆ ಹೊರಟು ಹೋಮ್‌ಸ್ಕೂಲಿಂಗ್ ಬಗ್ಗೆ ಯೋಚಿಸುತ್ತಿರುವ ಮನೆಯವರು ಮೊದಲು ನೋಡಬೇಕಾದ್ದು ರಾಜ್ಯದ ನಿಯಮ, ಆಮೇಲೆ ವಾಪಸ್ ಬರುವ ಲೆಕ್ಕ. ಅಲ್ಲಿ ಅಮ್ಮನೇ ತಯಾರಿಸಿದ ಅಂಕಪಟ್ಟಿಯನ್ನೂ ಕಾಲೇಜುಗಳು ನೋಡುತ್ತವೆ. ಜೊತೆಗೆ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಸ್ಕೋರು, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿದ ಒಂದೆರಡು ಕೋರ್ಸು ಇದ್ದರೆ ಬಲ ಬರುತ್ತದೆ. ಇಲ್ಲಿನ ಕಾಲೇಜಿನ ಕೌಂಟರ್‌ನಲ್ಲಿ ಮೊದಲು ಕೇಳುವುದು ಬೋರ್ಡಿನ ಮಾರ್ಕ್ಸ್ ಕಾರ್ಡ್. ವೀಸಾ ಯಾವಾಗ ಕೈಕೊಡುತ್ತದೋ ಹೇಳಲಾಗದ ಕಾಲದಲ್ಲಿ 9ನೇ ಕ್ಲಾಸಿನ ಮಗುವನ್ನು ಶಾಲೆ ಬಿಡಿಸುವ ಮೊದಲು ಆ ಕಾಗದ ಎಲ್ಲಿಂದ ತರುತ್ತೇವೆ ಅಂತ ವಿಚಾರಿಸಿಕೊಳ್ಳಿ. ಬಿಡಿಸುವ ಕಾರಣ ಬರೀ ಊಟ, ಜಿಮ್, ಶುಕ್ರವಾರ ಆಗಿದ್ದರೆ ಪ್ರಿನ್ಸಿಪಾಲರಿಗೆ ಒಂದು ಇಮೇಲ್ ಬರೆದು ನೋಡಿ. ಎಷ್ಟೋ ಶಾಲೆಗಳಲ್ಲಿ ಅಷ್ಟಕ್ಕೇ ಕೆಲಸ ಆಗುತ್ತದೆ.